ಹನ್ನೊಂದು ಶಿಫಾರಸು, ಒಂದು ಬಸ್ಸು

ಕಳೆದ ವಾರ ನಮ್ಮ ಕಾಲೇಜಿನಲ್ಲಿ ಪರೀಕ್ಷೆ ಮುಗಿದ ಮೇಲೆ ಉತ್ತರ ಪತ್ರಿಕೆಗಳ ಬಂಡಲ್ ಕಟ್ಟುತ್ತಿದ್ದೆವು. ಬಿಳಿ ಬಟ್ಟೆ ಹೊಲಿದು, ಸುತಳಿ ಬಿಗಿದು, ಗಂಟಿನ ಮೇಲೆ ಅರಗು ಸುರಿಯುವುದು ನಮ್ಮ ಜವಾನರ ಕೆಲಸ. ಅವರು ಮೇಣದಬತ್ತಿಯ ಮೇಲೆ ಕೆಂಪು ಅರಗಿನ ಕಡ್ಡಿ ಹಿಡಿದರು. ಅದು ಕರಗಿ ಹೊಗೆ ಎದ್ದಿತು, ಸುಟ್ಟ ವಾಸನೆ ಕೋಣೆ ತುಂಬಿತು. ನನ್ನ ಕೈಯಲ್ಲಿದ್ದ ಹಿತ್ತಾಳೆಯ ಮುದ್ರೆ ಕೆಳಗೆ ಬಿತ್ತು.

"ಏನಾತ್ರಿ ಮೇಡಂ, ಬಿಸಿ ತಾಕಿತೇನ್ರಿ?" ಎಂದರು ಅವರು.

ಬಿಸಿ ತಾಕಿರಲಿಲ್ಲ. ಅರಗಿನ ವಾಸನೆ ಬಂದರೆ ಈಗಲೂ ನಾನು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಂತೆ, ಆ ಕಡೆಯಿಂದ ಯಾರೂ ಮಾತನಾಡದಂತೆ ಅನಿಸುತ್ತದೆ...

ನಮ್ಮ ಓಣಿಯಲ್ಲಿ ಆ ವಾಸನೆ ಇದ್ದದ್ದು ಒಂದೇ ಮನೆಯಲ್ಲಿ, ನಮ್ಮ ಮನೆಯಿಂದ ಮೂರನೆಯದರಲ್ಲಿ. ಆ ಮನೆಯ ಯಜಮಾನರನ್ನು ನಮ್ಮೂರು ರೋಣದಲ್ಲಿ ಬಹಳ ಮಂದಿ ಎಂಬಸಿ ಕಾಕಾ ಎಂದೇ ಕರೆಯುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ದಿಲ್ಲಿಗೆ ಹೋಗಿ ವಿದೇಶಾಂಗ ಖಾತೆಯಲ್ಲಿ ಗುಮಾಸ್ತರಾಗಿ ಸೇರಿ, ಐದಾರು ದೇಶಗಳ ನಮ್ಮ ರಾಯಭಾರ ಕಚೇರಿಗಳಲ್ಲಿ ದುಡಿದು, ನಿವೃತ್ತರಾದ ಮೇಲೆ ಊರಿಗೆ ಬಂದವರು. ಟೈಪು ಮಾಡುವುದು, ಪಾಸ್‌ಪೋರ್ಟಿಗೆ ಠಸ್ಸೆ ಹೊಡೆಯುವುದು, ದಿಲ್ಲಿಗೆ ಹೋಗುವ ಕಾಗದದ ಚೀಲಕ್ಕೆ ಅರಗಿನ ಮುದ್ರೆ ಒತ್ತುವುದು ಅವರ ಕೆಲಸವಾಗಿತ್ತು. ಊರಿಗೆ ಬಂದ ಮೇಲೂ ಆ ಚಟ ಹೋಗಿರಲಿಲ್ಲ. ಹುಬ್ಬಳ್ಳಿಯಲ್ಲಿದ್ದ ಮಗಳಿಗೆ ಬರೆದ ಕಾಗದಕ್ಕೂ ಅರಗು ಒತ್ತಿ ಕಳಿಸುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ನಗುತ್ತಿದ್ದರು: "ಉಪ್ಪಿನಕಾಯಿ ಬರಣಿಗೂ ಒತ್ತತಾರ ನೋಡವಾ, ಇರುವಿ ಹೊಗಬಾರದಂತ."

ಸಂಜೆ ಅವರು ನಮ್ಮ ಅಪ್ಪನ ಅಡತ್ ಅಂಗಡಿಯ ಕಟ್ಟೆಗೆ ಬಂದು ಕೂರುತ್ತಿದ್ದರು. ಅಪ್ಪ ಮಾರುಕಟ್ಟೆಯಲ್ಲಿ ಕಡಲೆಯ ವ್ಯಾಪಾರಿ. ಅಲ್ಲಿ ಕೂತವರಿಗೆಲ್ಲ ಕಾಕಾ ಎಂದರೆ ತಮಾಷೆ.

"ಏನ್ರಿ ರಾಯಭಾರಿಗಳ, ಅಮೇರಿಕಾ ಇವತ್ತೇನಂತದ? ನಮ್ಮ ಕಡ್ಲಿ ತೊಗೊತದೋ ಇಲ್ಲೋ?"

"ಅಮೇರಿಕಾ ಬಿಡ್ರಿ. ನಿಮ್ಮ ಕಡ್ಲಿ ಗದಗಿನವ್ರ ತೊಗೊಳವಲ್ರು."

ಹಾಗೆ ನಗಿಸಿ ಅವರು ತಮ್ಮ ಒಂದೇ ಮಾತಿಗೆ ಬರುತ್ತಿದ್ದರು. ಇಷ್ಟು ದೊಡ್ಡ ದೇಶ, ಹೊರಗಿನ ಕಚೇರಿಗಳಲ್ಲಿ ಕುರ್ಚಿಗಳು ಇಷ್ಟೇ ಇಷ್ಟು ಎಂಬುದು ಆ ಮಾತು. ಒಂದು ದೇಶದಲ್ಲಿ ನಮ್ಮ ಕಚೇರಿಯಲ್ಲಿ ನಮ್ಮ ದೇಶದಿಂದ ಹೋದವರು ಮೂರೇ ಜನ ಇದ್ದರಂತೆ. ರಾಯಭಾರಿ, ಒಬ್ಬ ಕಾರ್ಯದರ್ಶಿ, ಇವರು. ಸಭೆ ಇದ್ದರೆ ರಾಯಭಾರಿಗಳೇ ಕುರ್ಚಿಯ ಒಂದು ಕಡೆ ಹಿಡಿದು ಎತ್ತಿ ಇಡಿಸುತ್ತಿದ್ದರಂತೆ. ಪಕ್ಕದ ಬೀದಿಯಲ್ಲಿ ನಮಗಿಂತ ಎಷ್ಟೋ ಸಣ್ಣ ದೇಶದ ಕಚೇರಿ. ಅಲ್ಲಿಯವರು ಆ ಊರಿನ ಭಾಷೆಯನ್ನು ಆ ಊರಿನಲ್ಲೇ ಹುಟ್ಟಿದವರ ಹಾಗೆ ಆಡುತ್ತಿದ್ದರು. ನಮ್ಮವರು ಎರಡು ವರ್ಷ ತಡವರಿಸಿ ಕಲಿತು ಮೂರನೆಯ ವರ್ಷ ವರ್ಗವಾಗಿ ಹೋಗುತ್ತಿದ್ದರು.

ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ವಿದೇಶಾಂಗ ನೀತಿಯ ಪಾಠ ಬಂದಾಗ ವರ್ಷಕ್ಕೊಮ್ಮೆ ಕಾಕಾ ತರಗತಿಗೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಬೆವರುತ್ತ. ಒಂದಾದರೂ ಪರದೇಶದ ಭಾಷೆ ಕಲಿಯಿರಿ, ವಿದೇಶಾಂಗ ಖಾತೆಯ ಪರೀಕ್ಷೆಗೆ ಕೂಡಿರಿ, ಅಧಿಕಾರಿ ಆಗದಿದ್ದರೆ ಗುಮಾಸ್ತರಾದರೂ ಆಗಿ ಹೋಗಿರಿ, ಅಲ್ಲಿ ಕೈ ಸಾಲುತ್ತಿಲ್ಲ ಎನ್ನುತ್ತಿದ್ದರು. ಹಿಂದಿನ ಬೆಂಚಿನಿಂದ ಯಾರೋ "ನಮಗ ಇಂಗ್ಲಿಷ್ ಪೇಪರ್ ಪಾಸಾಗವಲ್ದ್ರಿ ಸರ" ಎಂದರೆ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅಲಿಪ್ತ ನೀತಿ, ನೆರೆಹೊರೆಯ ಸಂಬಂಧ, ವ್ಯಾಪಾರ ಒಪ್ಪಂದ... ನೋಟ್ಸಿನಲ್ಲಿ ಎಲ್ಲ ಸಾಲಾಗಿ ಇತ್ತು. ಆ ನೀತಿಯ ಕೊನೆಯಲ್ಲಿ ಒಂದು ಮೇಜು ಇರುತ್ತದೆ, ಅದರ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ, ಅವನ ಫೋನು ನಿಲ್ಲದೆ ಬಡಿದುಕೊಳ್ಳುತ್ತಿರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ನನ್ನ ತಂಗಿ ನರ್ಸು. ಗದಗಿನಲ್ಲಿ ಕಲಿತ ಮೇಲೆ ಅವಳು, ನರಗುಂದದ ಒಬ್ಬಳು, ಗಜೇಂದ್ರಗಡದ ಇಬ್ಬರು, ಒಟ್ಟು ನಾಲ್ಕು ಹುಡುಗಿಯರು ಹೊರದೇಶದ ಒಂದು ರಾಜಧಾನಿಯ ಆಸ್ಪತ್ರೆಗೆ ಹೋಗಿದ್ದರು. ಆ ದೇಶದ ಹೆಸರನ್ನು ನಾನು ಬರೆಯಲಾರೆ. ಬರೆದರೆ ಸದ್ದು ಕೇಳಿಸುತ್ತದೆ.

ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವಳ ಫೋನು ಬಂತು.

"ಅಕ್ಕಾ, ಇಲ್ಲೆ ಗುಂಡ ಹಾರಾಕತ್ತಾವ."

"ಎಲ್ಲೆ? ದೂರನೋ ಹತ್ರನೋ? ಹೊರಗೇನ ಕಾಣ್ತದ?"

"ಹೊರಗ ನೋಡಬ್ಯಾಡ್ರಿ ಅಂದಾರ."

ಅಲ್ಲಿಯ ಸೈನ್ಯದ ಎರಡು ಬಣಗಳು ಒಂದರ ಮೇಲೊಂದು ತಿರುಗಿಬಿದ್ದಿದ್ದವು. ಹುಡುಗಿಯರು ಹಾಸ್ಟೆಲಿನ ಕೆಳಗಿನ ಮಹಡಿಯಲ್ಲಿ, ಮೆಟ್ಟಿಲ ಅಡಿಯ ಸಂದಿಯಲ್ಲಿ ಕೂತಿದ್ದರು. ಅವಳು ಮಾತನಾಡುತ್ತಿದ್ದಾಗಲೇ ಬಂಡಿಯಿಂದ ಕಲ್ಲು ಸುರಿದಂತೆ ಒಂದು ಸದ್ದು ಬಂತು. ಆಮೇಲೆ ಏನೂ ಇಲ್ಲ. ಅವಳ ಉಸಿರು ಮತ್ತೆ ಕೇಳಿಸುವವರೆಗೆ ನಾನೂ ಉಸಿರು ಬಿಡಲಿಲ್ಲ. ಕರೆಂಟು ಹೋಗಿತ್ತು; ಫೋನಿನ ಬ್ಯಾಟರಿ ಉಳಿಸಲು ದಿನಕ್ಕೆ ಒಮ್ಮೆ, ಹತ್ತಕ್ಕೆ ಮಾತ್ರ ಮಾತನಾಡೋಣ ಎಂದಳು. ಅಂದಿನಿಂದ ನನಗೆ ಗಡಿಯಾರದಲ್ಲಿ ಹತ್ತು ಎಂದರೆ ಭಯ.

ಅಪ್ಪನಿಗೆ ಗೊತ್ತಿದ್ದ ದಾರಿ ಒಂದೇ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ದಾರಿ. ಏನೇ ಆಗಲಿ, ವಶೀಲಿ ಹಚ್ಚಬೇಕು. ದವಾಖಾನೆಯಲ್ಲಿ ಹಾಸಿಗೆ ಬೇಕಾದರೂ, ಕಾಲೇಜಿನಲ್ಲಿ ಸೀಟು ಬೇಕಾದರೂ, ಒಬ್ಬರಿಗೆ ಹೇಳಿ ಬಿಡುವುದಲ್ಲ, ಹತ್ತು ಕಡೆಯಿಂದ ಹೇಳಿಸಬೇಕು. ಯಾವ ಬಾಗಿಲು ತೆರೆಯುತ್ತದೋ ಯಾರಿಗೆ ಗೊತ್ತು? "ಅಡ್ರೆಸ್ ಬರಕೊಡ ಲಗೂ" ಎಂದು ನನ್ನನ್ನು ಕೂಗಿದ. ನಾನು ದೀಪಾವಳಿಗೆ ಚಕ್ಕುಲಿ, ಶೇಂಗಾ ಉಂಡೆ ಕಳಿಸಿದ್ದ ಪಾರ್ಸಲಿನ ಚೀಟಿ ಹುಡುಕಿ, ಅದರಲ್ಲಿದ್ದ ಹಾಸ್ಟೆಲಿನ ವಿಳಾಸವನ್ನು, ನಾಲ್ವರ ಹೆಸರನ್ನು ಚೊಕ್ಕ ಅಕ್ಷರದಲ್ಲಿ ಬರೆದುಕೊಟ್ಟೆ. ಅಪ್ಪ ಅದರ ಫೋಟೋ ತೆಗೆದು ಕಳಿಸಿದ. ಶಾಸಕರು, ಮಾಜಿ ಮಂತ್ರಿಗಳು, ಮಠದವರು, ದಿಲ್ಲಿಯಲ್ಲಿದ್ದ ದೂರದ ಬೀಗರು... ಸಂಜೆಯೊಳಗೆ ಹನ್ನೊಂದು ಕಡೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕಾಗದದ ಮೇಲೆ ಅದನ್ನೇ ಇದ್ದ ಹಾಗೇ ಇಳಿಸಿ, ಸಹಿ ಹಾಕಿ, ಅಲ್ಲಿಯ ನಮ್ಮ ರಾಯಭಾರ ಕಚೇರಿಗೆ ಕಳಿಸಿದರು.

ಕಾಕಾ ಬಂದದ್ದು ಅಷ್ಟರ ಮೇಲೆ. ಚಪ್ಪಲಿ ಬಿಡುವಾಗಲೇ ಕೇಳಿದರು.

"ಎಷ್ಟ ಕಡೆ ಹೇಳೀರಿ ಸಾವಕಾರ್ರ?"

"ಹನ್ನೊಂದ!" ಎಂದ ಅಪ್ಪ. ಅಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

ಕಾಕಾ ಹೊಸ್ತಿಲ ಹತ್ತಿರವೇ ಕೂತುಬಿಟ್ಟರು. "ಅಲ್ಲೆ ಒಬ್ಬಾಂವ ಕುಂತಿರ್ತಾನ್ರಿ. ಒಬ್ಬನ. ಹನ್ನೊಂದ ಮಂದಿಗೆ ಉತ್ತರಾ ಬರದಾನೋ, ಹುಡುಗ್ಯಾರ್ನ ಕರಕೊಂಡ ಬಂದಾನೋ?"

"ಅಷ್ಟ ದೊಡ್ಡ ಸರ್ಕಾರಕ್ಕ ಒಬ್ಬಾಂವ ಇರ್ತಾನೇನ? ನೀವು ಠಸ್ಸೆ ಹೊಡದಾವ್ರು, ನಿಮಗೇನ ಗೊತ್ತ?"

"ಠಸ್ಸೆ ಹೊಡದಾಂವಗ ಗೊತ್ತಿರ್ತದ್ರಿ, ಟೇಬಲ್ ಮ್ಯಾಲೆ ಎಷ್ಟ ಕಾಗದ ಬಿದ್ದಾವಂತ."

ಅಪ್ಪ ಎದ್ದು ಒಳಗೆ ಹೋದ. ಕಾಕಾ ಮರುದಿನ ಹತ್ತಕ್ಕೆ ಸರಿಯಾಗಿ ಬಂದು ನನ್ನ ಪಕ್ಕ ಕೂತರು. ಫೋನು ಬಂದಾಗ ನನ್ನ ಕೈಯಿಂದ ತೆಗೆದುಕೊಂಡು ತಂಗಿಯನ್ನು ಅವರೇ ಕೇಳಿದರು. ನಿಮ್ಮ ಗೇಟು ಯಾವ ಬಣ್ಣ, ಎದುರಿಗೆ ಏನಿದೆ, ಬಾಗಿಲು ಎಷ್ಟು, ನೀರು ಎಷ್ಟಿದೆ? ಬರೆದುಕೊಳ್ಳುತ್ತ ಬಂದವರು ವಿಳಾಸದ ಮಾತು ಬಂದಾಗ ಪೆನ್ನು ನಿಲ್ಲಿಸಿದರು. ನಾನು ಬರೆದಿದ್ದ ಹಾಳೆಯನ್ನು ತರಿಸಿ ನೋಡಿದರು.

"ಈ ಅಡ್ರೆಸ್ ಯಾರ ಬರದಾರವಾ?"

ನಾನೇ ಎಂದೆ. ಹುಡುಗಿಯರು ಹಿಂದಿನ ತಿಂಗಳು ಹಾಸ್ಟೆಲು ಬದಲಿಸಿದ್ದರು. ಹೊಸ ಜಾಗದಲ್ಲಿ ನೀರು ಚೆನ್ನಾಗಿ ಬರುತ್ತದೆ ಎಂದು ತಂಗಿ ನನಗೆ ಹೇಳಿದ್ದಳು. ನಾನು ಹೂಂ ಎಂದಿದ್ದೆ, ಮರೆತಿದ್ದೆ. ಪಾರ್ಸಲಿನ ಚೀಟಿಯಲ್ಲಿದ್ದದ್ದು ಹಳೆಯ ಹಾಸ್ಟೆಲು.

ಕಾಕಾ ಅಪ್ಪನಿಗೆ ಹೇಳಲಿಲ್ಲ. ಹನ್ನೊಂದು ಮಂದಿಗೆ ತಿದ್ದುಪಡಿ ಕಳಿಸಿದರೆ ಇನ್ನೂ ಹನ್ನೊಂದು ಕಾಗದ ಬೀಳುತ್ತವೆ ಎಂದರು. ದಿಲ್ಲಿಯ ತಮ್ಮ ಹಳೆಯ ಗೆಳೆಯರನ್ನು ಹಿಡಿದು, ಅಲ್ಲಿ ಜನರನ್ನು ಹೊರತರುವ ಕೆಲಸ ನೋಡುತ್ತಿದ್ದ ಅಧಿಕಾರಿಯ ನಂಬರು ಸಂಪಾದಿಸಲು ಒಂದೂವರೆ ದಿನ ಹಿಡಿಯಿತು. ಆ ಅಧಿಕಾರಿ ಹಿಂದಿಯಲ್ಲಿ ಎರಡು ಮಾತು ಆಡಿದನಂತೆ, ಸರಿಯಾದ ವಿಳಾಸ ಬರೆದುಕೊಂಡನಂತೆ, ಮಾತಿನ ನಡುವೆಯೇ ಇನ್ನೊಂದು ಫೋನು ಬಡಿದುಕೊಂಡಿತಂತೆ. "ಬರಕೊಂಡಾನ" ಎಂದರು ಕಾಕಾ. ಅದನ್ನು ಅವರು ನನಗೆ ಮೂರು ಸಲ ಹೇಳಿದರು. ಮೂರನೆಯ ಸಲ ಹೇಳುವಾಗ ಅವರಿಗೇ ನಂಬಿಕೆ ಇರಲಿಲ್ಲ ಎಂದು ಈಗ ಅನಿಸುತ್ತದೆ...

ನಾಲ್ಕನೆಯ ದಿನ ಮಂಗಳವಾರ. ಕಚೇರಿಯಿಂದ ಹುಡುಗಿಯರಿಗೆ ಸಂದೇಶ ಬಂದಿತ್ತು. ಬಸ್ಸು ಬರುತ್ತದೆ, ಹಾಸ್ಟೆಲಿನ ಗೇಟಿನ ಒಳಗೆ ತಯಾರಾಗಿರಿ ಎಂದು. ನಾವು ಅಪ್ಪನ ಅಂಗಡಿಯಲ್ಲಿ ಕೂತಿದ್ದೆವು. ಹೊರಗೆ ಹಮಾಲರು ಲಾರಿಯಿಂದ ಚೀಲ ಇಳಿಸುತ್ತಿದ್ದರು. ಒಂದೊಂದು ಚೀಲ ನೆಲಕ್ಕೆ ಬಿದ್ದಾಗಲೂ ನಾನು ಬೆಚ್ಚುತ್ತಿದ್ದೆ. ಹೇಳಿದ ಹೊತ್ತು ಕಳೆಯಿತು, ಬಸ್ಸು ಬರಲಿಲ್ಲ. ಆಗ ಅಧಿಕಾರಿ ಕಾಕಾಗೆ ಫೋನು ಮಾಡಿದ. ಬಸ್ಸು ಹಳೆಯ ಹಾಸ್ಟೆಲಿನ ಮುಂದೆ ನಿಂತಿತ್ತು. ಹನ್ನೊಂದು ಕಾಗದ ಒಂದು ವಿಳಾಸ ಹೇಳಿದ್ದವು, ಕಾಕಾ ಹೇಳಿ ಬರೆಸಿದ ಒಂದು ಕಾಗದ ಬೇರೆ ಹೇಳಿತ್ತು. ಅಧಿಕಾರಿಯ ನಿದ್ದೆ ಇಲ್ಲದ ಕಣ್ಣಿಗೆ ಆ ಒಂದೇ ತಪ್ಪು ಎಂದು ಕಂಡಿತ್ತು.

ಎರಡು ಹಾಸ್ಟೆಲುಗಳ ನಡುವೆ ಒಂದೂವರೆ ಕಿಲೋಮೀಟರು. ನಡುವಿನ ಚೌಕದಲ್ಲಿ ಬಂದೂಕಿನವರು ನಿಂತಿದ್ದರು, ವಾಹನ ಬಿಡುತ್ತಿರಲಿಲ್ಲ. ನಡೆದು ಬರುವವರನ್ನು ಕೆಲವೊಮ್ಮೆ ಬಿಡುತ್ತಿದ್ದರು. ಹುಡುಗಿಯರು ನಡೆದು ಬಂದರೆ ಬಸ್ಸು ಕಾಯುತ್ತದೆ, ಬಹಳ ಹೊತ್ತು ಅಲ್ಲ ಎಂದನಂತೆ. ನಾನು ತಂಗಿಗೆ ಫೋನು ಹಚ್ಚಿ, ಇದನ್ನು ಹೇಳಿ, ಎಲ್ಲರಿಗೂ ಕೇಳುವಂತೆ ಇಟ್ಟೆ.

"ಕಾಕಾ, ಅವ್ರು ಹೋಗ್ಲ್ಯೋ ಅಲ್ಲೇ ಇರ್ಲ್ಯೋ?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. "ನನಗ ಗೊತ್ತಿಲ್ಲವ್ವಾ" ಎಂದರು.

ಆ ನಾಲ್ಕು ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆ ಮಾತಿಗೆ. ಅಪ್ಪ "ಹೋಗ್ಲಿ" ಎಂದ. ಕೂಡಲೇ "ಬ್ಯಾಡ, ಬ್ಯಾಡ" ಎಂದ. ಆ ಕಡೆಯಿಂದ ತಂಗಿಯೇ ಹೇಳಿದಳು, ಅವಳ ದನಿ ಹುಡುಗಿಯದಾಗಿರಲಿಲ್ಲ: "ನೀರು ಮುಗದದ ಕಾಕಾ. ನಾವು ಹೊಂಟೀವಿ. ಹ್ಯಾಂಗ ಹೋಗಬೇಕು ಅಷ್ಟ ಹೇಳ್ರಿ."

ಕಾಕಾ ಫೋನು ಬಾಯಿಯ ಹತ್ತಿರ ಹಿಡಿದರು. "ಬಿಳಿ ಕೋಟ ಹಾಕ್ಕೋರಿ ನಾಕೂ ಮಂದಿ. ಒಂದ ಸಾಲಿನ್ಯಾಗ ನಡೀರಿ. ಓಡಬ್ಯಾಡ್ರಿ, ಓಡಾವ್ರ ಮ್ಯಾಲೆ ಕಣ್ಣ ಬೀಳ್ತದ. ಬ್ಯಾಗ ಅಲ್ಲೇ ಬಿಡ್ರಿ. ದವಾಖಾನಿ ಕಾರ್ಡ ಕೊಳ್ಳಾಗ ಇರ್ಲಿ. ಎರಡೂ ಕೈ ಕಾಣೂ ಹಂಗ ಇರ್ಲಿ, ಕೈಯಾಗ ಏನೂ ಬ್ಯಾಡ. ಫೋನ ಬಂದ್ ಮಾಡಿ ಒಳಗ ಇಟಗೋರಿ."

"ಫೋನ ಬಂದ್ ಮಾಡಿದ್ರ ನೀವು..."

"ನಾವು ಇಲ್ಲೇ ಇರ್ತೀವಿ ಯವ್ವಾ."

ಕರೆ ನಿಂತಿತು.

ಆಮೇಲಿನ ಹೊತ್ತನ್ನು ನಾನು ಈಗಲೂ ಕಳೆಯುತ್ತಲೇ ಇದ್ದೇನೆ. ಆ ರಸ್ತೆಯನ್ನು ನಾನು ನೋಡಿಲ್ಲ. ನೋಡದ ರಸ್ತೆಯನ್ನು ನೆನೆಯಲು ಆಗದೆ, ನಾನು ಅವರನ್ನು ರೋಣದಲ್ಲಿ ನಡೆಸಿದೆ. ಬಸ್ ಸ್ಟ್ಯಾಂಡಿನಿಂದ ಹೊರಟರು. ಈಗ ಹತ್ತಿಯ ಅಂಗಡಿಗಳು. ಈಗ ಆ ತಿರುವು. ಆ ತಿರುವಿನಲ್ಲಿ ಬಂದೂಕಿನವರನ್ನು ನಿಲ್ಲಿಸಿದೆ, ಅವರ ಮುಖ ಕಾಣಲಿಲ್ಲ. ಮುಂದಕ್ಕೆ ನಡೆಸಲು ಮನಸ್ಸು ಬರಲಿಲ್ಲ, ಮತ್ತೆ ಬಸ್ ಸ್ಟ್ಯಾಂಡಿನಿಂದ ಶುರು ಮಾಡಿದೆ. ಎಷ್ಟು ಸಲವೋ ಗೊತ್ತಿಲ್ಲ. ಅಪ್ಪ ತಕ್ಕಡಿಯ ಕಟ್ಟೆಯ ಮೇಲೆ ಕೂತು ಒಂದು ಹಿಡಿ ಕಡಲೆಯನ್ನು ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಸುರಿಯುತ್ತಿದ್ದ. ಹೊರಗೆ ಯಾರೋ ಹಮಾಲ ಜೋಕು ಹೇಳಿದ, ನಾಲ್ಕು ಜನ ನಕ್ಕರು. ಅವರಿಗೆ ಏನೂ ಗೊತ್ತಿರಲಿಲ್ಲ. ಒಂದು ಚೀಲ ಬಿತ್ತು. ಇನ್ನೊಂದು ಬಿತ್ತು. ಕಾಕಾ ಅಲ್ಲಾಡದೆ ಫೋನನ್ನೇ ನೋಡುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಸರಿದಾಗ ಕೇಳಿಸಿತು. "ಓಡಬ್ಯಾಡ್ರಿ... ಓಡಬ್ಯಾಡ್ರಿ..."

ಕೊನೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಲು ನನಗೆ ಕೈ ಬರಲಿಲ್ಲ. ಕಾಕಾ ಎತ್ತಿದರು.

"ಬಸ್ಸಿನಾಗ ಅದೀವಿ" ಎಂದಳು ತಂಗಿ. ಹಿಂದೆ ಯಾರೋ ಅಳುತ್ತಿದ್ದರು. "ನಾಕೂ ಮಂದಿ ಅದೀವಿ."

ಅಪ್ಪ ಹೊರಗೆ ಓಡಿ ಮಾರುಕಟ್ಟೆಗೆಲ್ಲ ಕೇಳುವಂತೆ ಕೂಗಿದ. ಕಾಕಾ ಹೊತ್ತು ಬರೆದಿಡಲು ಪೆನ್ನು ತೆಗೆದರು, ಬರೆಯದೆ ಮುಚ್ಚಿದರು. ಪೆನ್ನನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು.

ಹುಡುಗಿಯರು ಬಂದರು. ತಂಗಿ ಈಗ ಗದಗಿನ ಒಂದು ಆಸ್ಪತ್ರೆಯಲ್ಲಿ ಇದ್ದಾಳೆ. ಆ ರಸ್ತೆಯ ಬಗ್ಗೆ ಒಂದೇ ಒಂದು ಸಲ ಮಾತನಾಡಿದ್ದಾಳೆ. ಒಂದು ಕಡೆ ಏನನ್ನೋ ದಾಟಿ ಹೆಜ್ಜೆ ಇಡಬೇಕಾಯಿತು, ಕೆಳಗೆ ನೋಡಲಿಲ್ಲ ಎಂದಳು. ಅಪ್ಪ ಹನ್ನೊಂದು ಮನೆಗೂ ಹೋಗಿ ಶಾಲು ಹೊದಿಸಿ ಬಂದ. ಆ ಫೋಟೋಗಳಲ್ಲಿ ಎಲ್ಲಿಯೂ ಕಾಕಾ ಇಲ್ಲ. ಅಬ್ಬಿಗೇರಿ, ಬೆಳವಣಕಿಯಿಂದ ಬಂದವರು ಮಗಳನ್ನು ಹೇಗೆ ಬಿಡಿಸಿಕೊಂಡು ಬಂದಿರಿ ಎಂದು ಕೇಳಿದರೆ ಅಪ್ಪ ಈಗಲೂ ಬೆರಳು ಮಡಚಿ ಹನ್ನೊಂದು ಹೆಸರು ಹೇಳುತ್ತಾನೆ. ಒಮ್ಮೆ ಕಾಕಾ ಎದುರಿಗೇ ಕೂತಿದ್ದಾಗ ಹೇಳಿದ. ಅವರು "ಹೌದ್ರಿ, ಭಾಳ ಓಡಾಡಿದ್ರು ಸಾವಕಾರ್ರು" ಎಂದು ಚಹಾ ಕುಡಿದರು.

ಹದಿನೈದು ದಿನಗಳಾದ ಮೇಲೆ ಕಾಕಾ ನನ್ನನ್ನು ಮನೆಗೆ ಕರೆದರು. ಅಂದು ಅವರು ಏನೋ ಅರಗು ಒತ್ತಿದ್ದರು, ಕೋಣೆಯೆಲ್ಲ ಅದೇ ವಾಸನೆ. ಬಾಗಿಲು ಮುಂದೆ ಮಾಡಿ, ಆ ಅಧಿಕಾರಿಯ ಜೊತೆ ಮಾತನಾಡಿದೆ ಎಂದರು. ಅಂದು ಆ ಬಸ್ಸು ನಮ್ಮ ಹುಡುಗಿಯರನ್ನು ಹತ್ತಿಸಿಕೊಂಡು ಇನ್ನೂ ಮುಂದೆ ಹೋಗಬೇಕಾಗಿತ್ತಂತೆ. ಅಲ್ಲಿ ಒಂದು ಶಾಲೆಯ ಕಟ್ಟಡದಲ್ಲಿ ನಮ್ಮ ದೇಶದ ಎಂಟು ಜನ ಕಾಯುತ್ತಿದ್ದರು. ಗಾರೆ ಕೆಲಸಕ್ಕೆ ಹೋದವರು. ಅವರ ಪರವಾಗಿ ಯಾರ ಶಿಫಾರಸೂ ಬಂದಿರಲಿಲ್ಲ. ಅವರಲ್ಲೇ ಒಬ್ಬ ಬರೆದು ಕಳಿಸಿದ್ದ ಒಂದು ಚೀಟಿ ಮಾತ್ರ ಇತ್ತು. ಬಸ್ಸು ಹಳೆಯ ಹಾಸ್ಟೆಲಿನ ಮುಂದೆ ಹುಡುಗಿಯರಿಗಾಗಿ ಕಾಯುತ್ತಿದ್ದಾಗ ಮುಂದಿನ ರಸ್ತೆ ಮುಚ್ಚಿತು. ಅವರ ಫೋನು ಎತ್ತುವವರಿಲ್ಲದೆ ಎರಡು ದಿನ ಬಡಿದುಕೊಂಡಿತಂತೆ. ಆಮೇಲೆ ಅದೂ ನಿಂತಿತಂತೆ. ಬೇರೆ ಯಾವ ದಾರಿಯಿಂದಾದರೂ ಹೊರಬಿದ್ದಿರಬಹುದು. ಇಲ್ಲದಿರಬಹುದು...

"ನನ್ನಿಂದ ಆತು ಕಾಕಾ" ಎಂದೆ.

"ಚೀಟಿ ಬರಿಯೂದ್ರಾಗ ಯಾರರೆ ತಪ್ಪತಾರ. ಅದಕ್ಕಂತನ ಅಲ್ಲೆ ಮಂದಿ ಬೇಕು." ಅರಗಿನ ಕಡ್ಡಿಯನ್ನು ಡಬ್ಬಿಗೆ ಹಾಕಿದರು. "ಆ ಅಧಿಕಾರಿ ಹುಡುಗನ್ನೂ ಬೈಬ್ಯಾಡ. ಇಬ್ಬರು ಇದ್ದಿದ್ರ, ಒಬ್ಬಾಂವ ಫೋನ ಹಚ್ಚಿ ಕೇಳ್ತಿದ್ದ, ನೀವು ಖರೇ ಎಲ್ಲದೀರಿ ಅಂತ. ಒಂದ ಫೋನ. ಅದಕ್ಕ ಅವನ ಕಡೆ ಹೊತ್ತ ಇರಲಿಲ್ಲ."

ಆಮೇಲೆ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದರು. ಎಂಟು ಜನರ ಹೆಸರು, ಊರು ಕೇಳಿ ಬರೆದುಕೊಂಡಿದ್ದರು. "ಓದ" ಎಂದರು. ನನ್ನ ಕೈ ಮುಂದೆ ಹೋಗಲಿಲ್ಲ. ಹೆಸರು ಓದಿದರೆ ಅವರಿಗೆ ಮುಖ ಬರುತ್ತದೆ ಎಂದು ಹೆದರಿದೆ. ನಾನು ಕಿಟಕಿಯ ಕಡೆ ನೋಡಿದೆ. "ಆಮ್ಯಾಲೆ ನೋಡ್ತೀನಿ ಕಾಕಾ" ಎಂದೆ. ಅವರು ಬಲವಂತ ಮಾಡಲಿಲ್ಲ. ಮಡಚಿ ಇಟ್ಟರು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಒಂದು ಮಧ್ಯಾಹ್ನ ಪತ್ರಿಕೆ ಓದುತ್ತ ಕೂತವರು ಏಳಲಿಲ್ಲ. ಕಾಕು ಮನೆ ಖಾಲಿ ಮಾಡಿ ಮಗಳ ಹತ್ತಿರ ಹುಬ್ಬಳ್ಳಿಗೆ ಹೋದರು. ಎಷ್ಟೋ ದಿನ ತಡೆದು ನಾನು ಅವರಿಗೆ ಫೋನು ಮಾಡಿ, ಕಾಕಾ ಅವರ ಕಾಗದಗಳು ಇವೆಯೇ ಎಂದು ಕೇಳಿದೆ. "ಎಲ್ಲಾ ರದ್ದಿಯವಗ ಕೊಟ್ಟ ಬಂದ್ವಿ ನಮ್ಮವ್ವಾ. ಅದರಾಗ ಏನಿತ್ತು?" ಎಂದರು. ಏನೂ ಇಲ್ಲ ಎಂದೆ.

ಈ ವರ್ಷ ವಿದೇಶಾಂಗ ನೀತಿಯ ಪಾಠಕ್ಕೆ ಕೋಟು ಹಾಕಿಕೊಂಡು ಬರುವವರು ಯಾರೂ ಇರಲಿಲ್ಲ. ನಾನು ನೋಟ್ಸು ಮುಚ್ಚಿಟ್ಟು, ಮೊದಲ ಸಲ, ಇದನ್ನೆಲ್ಲ ತರಗತಿಯಲ್ಲಿ ಹೇಳಿದೆ. ವಿಳಾಸ ಬರೆದವಳು ನಾನೇ ಎಂಬುದನ್ನೂ ಹೇಳಿದೆ. ಹಿಂದಿನ ಬೆಂಚಿನಿಂದ ಯಾರೂ ನಗಲಿಲ್ಲ. ಪಾಠ ಮುಗಿದ ಮೇಲೆ ಅಬ್ಬಿಗೇರಿಯಿಂದ ಬರುವ ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. ಕಾಕಾ ಹೇಳುತ್ತಿದ್ದ ಪರೀಕ್ಷೆಯ ಬಗ್ಗೆ ಕೇಳುತ್ತಾಳೆ ಎಂದುಕೊಂಡೆ.

"ಆ ಎಂಟ ಮಂದಿ ಏನಾದರ್ರಿ ಮೇಡಂ?"

ಗೊತ್ತಿಲ್ಲ ಎಂದೆ.

"ಅವ್ರ ಹೆಸರ ಹೇಳ್ರಿ, ಊರ ಹೇಳ್ರಿ. ನಾವು ಕಾಗದಾ ಬರದ ಕೇಳೂಣು."

ಅವಳು ವಹಿ ತೆರೆದು, ಪೆನ್ನು ಹಿಡಿದು ಕಾಯುತ್ತಿದ್ದಳು. ಕಾಕಾ ಮುಂದೆ ಹಿಡಿದ ಹಾಳೆಯಲ್ಲಿನ ಒಂದು ಹೆಸರನ್ನೂ ನಾನು ಓದಿರಲಿಲ್ಲ.